ಆಕಾಶದ ಲೆಕ್ಕ ಬರೆದ ರಘುನಾಥಾಚಾರಿ

ಪಂಚಾಂಗದಲ್ಲಿ ಗ್ರಹಣದ ಹೊತ್ತು ಒಂದು, ಆಕಾಶದಲ್ಲಿ ಗ್ರಹಣ ಕಂಡ ಹೊತ್ತು ಇನ್ನೊಂದು. ಹೀಗಾದರೆ ಯಾವುದನ್ನು ನಂಬಬೇಕು? ಸುಮಾರು 150 ವರ್ಷಗಳ ಹಿಂದೆ ಚಿಂತಾಮಣಿ ರಘುನಾಥಾಚಾರಿ ಅವರಿಗೆ ಈ ಪ್ರಶ್ನೆ ಎದುರಾಯಿತು. ಅವರದು ಪಂಚಾಂಗ ಬರೆಯುವ ಮನೆತನ. ಆದ್ದರಿಂದ ಇದು ಬರೀ ಲೆಕ್ಕದ ಪ್ರಶ್ನೆಯಾಗಿರಲಿಲ್ಲ, ಹಿರಿಯರ ಲೆಕ್ಕವನ್ನು ತಿದ್ದುವ ಪ್ರಶ್ನೆಯಾಗಿತ್ತು.

ರಘುನಾಥಾಚಾರಿ ಮದರಾಸಿನ ವೀಕ್ಷಣಾಲಯದಲ್ಲಿ ಕೆಲಸಕ್ಕೆ ಸೇರಿ, ಮುಂದೆ ಅಲ್ಲಿ ಮೊದಲನೆಯ ಸಹಾಯಕರಾದರು. ಅಲ್ಲಿನ ಒಂದು ದೂರದರ್ಶಕ ಉತ್ತರ ದಕ್ಷಿಣವಾಗಿ ಮಾತ್ರ ತಿರುಗುತ್ತಿತ್ತು. ನಕ್ಷತ್ರವೊಂದು ಅದರೊಳಗಿನ ತೆಳ್ಳನೆಯ ತಂತಿಯನ್ನು ದಾಟಿದ ಕ್ಷಣ ಯಾವುದು, ಆಗ ಅದು ಎಷ್ಟು ಎತ್ತರದಲ್ಲಿತ್ತು ಎಂದು ಬರೆದಿಡಬೇಕು. ಇದೇ ಕೆಲಸವನ್ನು ಅವರು ವರ್ಷಗಟ್ಟಲೆ, ಸಾವಿರಾರು ಸಲ ಮಾಡಿದರು. ಬೇಸರದ ಕೆಲಸ ಎನಿಸುತ್ತದೆಯೆ? ನಿಮ್ಮ ಕೈಯಲ್ಲಿರುವ ನಕ್ಷತ್ರ ನಕ್ಷೆಯ ಒಂದೊಂದು ಚುಕ್ಕೆಯ ಹಿಂದೆಯೂ ಇಂಥ ಅಳತೆಯಿದೆ ಮಕ್ಕಳೆ!

ಹಳೆಯ ಬರಹವಿದ್ದರೆ ತಾನೆ ಹೊಸದನ್ನು ಹೋಲಿಸುವುದು? 1867ರಲ್ಲಿ ಅವರು ಒಂದು ನಕ್ಷತ್ರದ ಬೆಳಕು ಬದಲಾಗುತ್ತಿದೆ ಎಂದು ಕಂಡುಹಿಡಿದರು. ಅದರ ಹೆಸರು ಆರ್ ರೆಟಿಕ್ಯುಲೈ. ಸುಮಾರು 9 ತಿಂಗಳಿಗೊಮ್ಮೆ ಅದು ಬೆಳಗುತ್ತದೆ, ಮತ್ತೆ ತೀರಾ ಮಂಕಾಗುತ್ತದೆ.

ಈ ನಕ್ಷತ್ರ ಲಂಡನ್ನಿನಲ್ಲಿ ಎಂದೂ ಹುಟ್ಟುವುದೇ ಇಲ್ಲ! ಅದು ಅಷ್ಟು ದಕ್ಷಿಣದಲ್ಲಿದೆ. ಲಂಡನ್ನಿನ ಆಕಾಶಕ್ಕೆಂದು ಮಾಡಿದ ನಕ್ಷೆಯಲ್ಲಿ ಅದರ ಜಾಗವೇ ಇರುವುದಿಲ್ಲ, ನಮ್ಮ ಅಗಸ್ತ್ಯ ನಕ್ಷತ್ರವೂ ಇರುವುದಿಲ್ಲ. ಸೇಡಂ, ಚಿತ್ತಾಪುರ, ಶಹಾಬಾದ್ ಎಲ್ಲವೂ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ನಕ್ಷೆ ಆರಿಸುವಾಗ ಮೊದಲು ಈ ಸಂಖ್ಯೆ ನೋಡಿ. ಎಷ್ಟು ಮಂಕು ನಕ್ಷತ್ರಗಳವರೆಗೆ ತೋರಿಸಿದ್ದಾರೆ ಎಂಬುದು ಎರಡನೆಯ ಮಾತು. ಇದನ್ನು ಕಾಂತಿಮಾನದಿಂದ ಹೇಳುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು. 1ಕ್ಕಿಂತ 6 ಎಂದರೆ 100 ಪಟ್ಟು ಮಂಕು. ಈ ಲೆಕ್ಕವನ್ನು 1856ರಲ್ಲಿ ಸೂಚಿಸಿದ ನಾರ್ಮನ್ ಪಾಗ್ಸನ್ ಅವರೇ ಮುಂದೆ ಮದರಾಸಿನಲ್ಲಿ ರಘುನಾಥಾಚಾರಿಯವರ ಮೇಲಧಿಕಾರಿಯಾಗಿದ್ದರು. ಬರಿಗಣ್ಣಿನಿಂದ ನೋಡುವವರಿಗೆ 6ರವರೆಗಿನ ನಕ್ಷೆ ಧಾರಾಳವಾಯಿತು. ಚುಕ್ಕೆಗಳು ಹೆಚ್ಚಾದರೆ ಹೊಸಬರು ದಾರಿ ತಪ್ಪುತ್ತಾರೆ.

1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಅದನ್ನು ನೋಡಲು ರಘುನಾಥಾಚಾರಿ ಒಂದು ತಂಡದೊಡನೆ ವನಪರ್ತಿಗೆ ಬಂದರು. ವನಪರ್ತಿ ಇರುವುದು ಸೇಡಂನಿಂದ ಆಗ್ನೇಯಕ್ಕೆ. ಆಗ ಎರಡೂ ಊರುಗಳು ನಿಜಾಮರ ಸೀಮೆಗೆ ಸೇರಿದ್ದವು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಅವರನ್ನು ಫೆಲೊ ಆಗಿ ಆರಿಸಿತು.

ಇನ್ನು ಪಂಚಾಂಗದ ಮಾತು. ಅವರು ಆಕಾಶದ ಕಡೆಗೇ ನಿಂತರು. ಕಣ್ಣಿಗೆ ಕಾಣುವುದಕ್ಕೆ ಹೊಂದುವಂತೆ ಲೆಕ್ಕ ತಿದ್ದಿ ದೃಗ್ಗಣಿತ ಪಂಚಾಂಗ ತಂದರು. ಹಳೆಯ ಪದ್ಧತಿಯವರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಅವರು ಜಗಳಕ್ಕೆ ಹೋಗದೆ ತಿಳಿಸಿ ಹೇಳಲು ಹೊರಟರು. 1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯನ ಮುಂದೆ ಕರಿಯ ಚುಕ್ಕೆಯಾಗಿ ಹಾದುಹೋಗಲಿತ್ತು. ಅದನ್ನು ವಿವರಿಸುವ ಪುಸ್ತಿಕೆ ಬರೆದರು. ಅದು ಇಂಗ್ಲಿಷಿನಲ್ಲಷ್ಟೇ ಅಲ್ಲ, ಉರ್ದುವಿನಲ್ಲಿ ಬಂತು, ನಮ್ಮ ಕನ್ನಡದಲ್ಲೂ ಬಂತು!

ರಘುನಾಥಾಚಾರಿ 1880ರಲ್ಲಿ ತೀರಿಕೊಂಡರು. ಅವರ ನಕ್ಷತ್ರ ಇರುವ ಜಾಗವನ್ನು ನೀವೂ ನೋಡಬಹುದು. ಜನವರಿ ನಡುವಿನಲ್ಲಿ ರಾತ್ರಿ 9ಕ್ಕೆ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ಸ್ವಲ್ಪ ಎಡಕ್ಕೆ ಥಳಥಳಿಸುವುದು ಅಗಸ್ತ್ಯ. ನೇರ ಎದುರಿಗೆ, ಕೈ ಚಾಚಿ ಹಿಡಿದ ಮುಷ್ಟಿಯ ಅಗಲದಷ್ಟು ಎತ್ತರದಲ್ಲಿ ಆರ್ ರೆಟಿಕ್ಯುಲೈ ಇದೆ. ಬರಿಗಣ್ಣಿಗೆ ಅದು ಕಾಣದು, ದೂರದರ್ಶಕ ಬೇಕು. ವಾಡಿಯ ಸಿಮೆಂಟ್ ಕಾರ್ಖಾನೆಯ ದೀಪಗಳ ಹತ್ತಿರ ನಿಂತರೆ ಅಷ್ಟು ತಗ್ಗಿನಲ್ಲಿ ಏನೂ ಕಾಣುವುದಿಲ್ಲ. ಚಿಂಚೋಳಿ ಕಾಡಿನ ಕಡೆಯವರಿಗೆ ಆ ತೊಂದರೆ ಇಲ್ಲ.