ಪರಮಾಣುವಿನ ಅಂಟಿನ ಬೆನ್ನು ಹತ್ತಿದ ಹೋಮಿ ಭಾಭಾ

ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳು ಸಿಕ್ಕಿದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ಸೀಸದ ಪ್ರತಿಯೊಂದು ಪರಮಾಣುವಿನ ನ್ಯೂಕ್ಲಿಯಸ್‌ನಲ್ಲಿ 82 ಪ್ರೋಟಾನ್‌ಗಳಿವೆ. ಎಲ್ಲವೂ ಧನ ವಿದ್ಯುದಂಶದವು, ಒಂದನ್ನೊಂದು ದೂರ ತಳ್ಳುವಂಥವು. ಆದರೂ ಎರಡು ಸಾವಿರ ವರ್ಷ ಅವು ಚೆದುರದೆ ಉಳಿದವು. ಹಿಡಿದಿಟ್ಟದ್ದು ಏನು? ಹೈಸ್ಕೂಲಿನಲ್ಲಿ ಪ್ರೋಟಾನ್ ಎಣಿಸುವುದನ್ನು ಕಲಿತೆವು, ಈ ಪ್ರಶ್ನೆ ನಮಗೆ ಹೊಳೆಯಲಿಲ್ಲ. ಅದರ ಬೆನ್ನು ಹತ್ತಿದವರಲ್ಲಿ ಒಬ್ಬರು ಬೆಂಗಳೂರಿನಲ್ಲೇ ಆರು ವರ್ಷ ಕೆಲಸ ಮಾಡಿದರು. ಅವರೇ ಹೋಮಿ ಭಾಭಾ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈನ ಸ್ಥಿತಿವಂತ ಪಾರ್ಸಿ ಮನೆತನದಲ್ಲಿ. ಮಗ ಇಂಜಿನಿಯರ್ ಆಗಲಿ ಎಂಬುದು ತಂದೆಯ ಆಸೆ. 1927ರಲ್ಲಿ ಕೇಂಬ್ರಿಡ್ಜಿಗೆ ಹೋಗಿ ಮೆಕ್ಯಾನಿಕಲ್ ಓದಿದರು, ಪ್ರಥಮ ದರ್ಜೆಯಲ್ಲಿ ಪಾಸಾಗಿ ಮನೆಯವರ ಮಾತು ಉಳಿಸಿದರು, ಆಮೇಲೆ ತಮಗೆ ಬೇಕಾದ ಭೌತವಿಜ್ಞಾನಕ್ಕೆ ಹೊರಳಿದರು. ನನ್ನಂಥ ಬಿ.ಇ.ಗಳು ಮೊದಲಿನ ಅರ್ಧವನ್ನಷ್ಟೇ ಮಾಡಿ ಕೆಲಸಕ್ಕೆ ಸೇರಿದೆವು!

ನ್ಯೂಕ್ಲಿಯಸ್ಸಿನ ಅಂಟು ಬಲು ಗಟ್ಟಿ. ಆದರೆ ಅದರ ಕೈ ಚಾಚುವುದು ಒಂದು ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದೆರಡು ಪಾಲಿನಷ್ಟು ದೂರ ಮಾತ್ರ. 1935ರಲ್ಲಿ ಜಪಾನಿನ ಯುಕಾವಾ ಇದಕ್ಕೊಂದು ಕಾರಣ ಸೂಚಿಸಿದರು: ನ್ಯೂಕ್ಲಿಯಸ್ಸಿನೊಳಗಿನ ಕಣಗಳು ಮತ್ತೊಂದು ಕಣವನ್ನು ತಮ್ಮತಮ್ಮಲ್ಲಿ ಕೊಟ್ಟು ತೆಗೆದುಕೊಳ್ಳುತ್ತವೆ, ಅದು ಎಲೆಕ್ಟ್ರಾನಿಗಿಂತ ಸುಮಾರು 200 ಪಟ್ಟು ಭಾರ. ಲಾರಿಯಿಂದ ಚೀಲ ಇಳಿಸುವ ಹಮಾಲರನ್ನು ನೋಡಿ. ಭಾರದ ಮೂಟೆ ಕೈಯಿಂದ ಕೈಗೆ ದಾಟಬೇಕಾದರೆ ಹತ್ತಿರ ಹತ್ತಿರ ನಿಲ್ಲಲೇಬೇಕು. ಹೆಚ್ಚುಕಡಿಮೆ ಹಾಗೆಯೇ.

ಮರುವರ್ಷವೇ ವಿಶ್ವಕಿರಣಗಳಲ್ಲಿ ಅಷ್ಟೇ ತೂಕದ ಕಣ ಕಂಡಿತು. ಅಂಟು ಸಿಕ್ಕಿತೆಂದು ಅನೇಕರು ನಂಬಿದರು. ಅದನ್ನು ಮೆಸೊಟ್ರಾನ್ ಎನ್ನುತ್ತಿದ್ದರು. ಗ್ರೀಕ್ ಮೂಲದಲ್ಲಿಲ್ಲದ ಆ 'ಟ್ರ' ಬೇಡ, ಮೆಸಾನ್ ಸಾಕು ಎಂದು 1939ರಲ್ಲಿ ಬರೆದವರು ಭಾಭಾ.

ಅದೇ ವರ್ಷ ರಜೆಗೆಂದು ಊರಿಗೆ ಬಂದಾಗ ಮಹಾಯುದ್ಧ ಶುರುವಾಯಿತು, ಹಿಂದಿರುಗಲು ಆಗಲಿಲ್ಲ. ಸಿ.ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ರೀಡರ್ ಆಗಿ ಸೇರಿದರು. ಯುದ್ಧಕಾಲದಲ್ಲೇ ಅಮೆರಿಕದ ವಾಯುಪಡೆಯ ವಿಮಾನದಲ್ಲಿ ಉಪಕರಣ ಹೊರಿಸಿ, 30,000 ಅಡಿ ಎತ್ತರದವರೆಗೆ ಬೆಂಗಳೂರಿನ ಆಕಾಶದಲ್ಲಿ ಮೆಸಾನ್ ಎಣಿಸಿದರು. ಹಗುರವಾದ ಎಲೆಕ್ಟ್ರಾನ್‌ಗಳು ಸೀಸದಲ್ಲಿ ಬೇಗ ಸೋಲುತ್ತವೆ, ಮೆಸಾನ್ ತೂರಿ ಹೋಗುತ್ತದೆ. ಗುರುತು ಹಿಡಿಯುವುದು ಹೀಗೆ.

ತಮಾಷೆ ಇರುವುದು ಇಲ್ಲೇ. ನ್ಯೂಕ್ಲಿಯಸ್ಸಿಗೆ ಅಂಟಬೇಕಾದ ಕಣ ಅಷ್ಟೊಂದು ಸೀಸವನ್ನು ಸಲೀಸಾಗಿ ದಾಟೀತು ಹೇಗೆ? 1947ರ ಹೊತ್ತಿಗೆ ಉತ್ತರ ಸ್ಪಷ್ಟವಾಯಿತು. ಅದು ಅಂಟೇ ಅಲ್ಲ. ಅದನ್ನೀಗ ಮ್ಯೂಆನ್ ಎನ್ನುತ್ತಾರೆ. ಯುಕಾವಾ ಹೇಳಿದ ಕಣ ಪಯಾನ್, ಅದೇ ವರ್ಷ ಪೊವೆಲ್ ತಂಡಕ್ಕೆ ಸಿಕ್ಕಿತು. ಮುಂದೆ ಪ್ರೋಟಾನಿನೊಳಗೂ ಕ್ವಾರ್ಕ್‌ಗಳಿವೆ, ಅವನ್ನು ಬಿಗಿದಿರುವ ಗ್ಲೂಆನ್‌ಗಳ ಬಲ ಹೊರಗೆ ಸೋರಿದ್ದೇ ನ್ಯೂಕ್ಲಿಯಸ್ಸಿನ ಅಂಟು ಎಂದು ತಿಳಿಯಿತು.

ಅಷ್ಟರಲ್ಲಿ ಭಾಭಾ ಬೆಂಗಳೂರು ಬಿಟ್ಟಿದ್ದರು. ವಿಜ್ಞಾನ ಸಂಸ್ಥೆಯ ಆವರಣದಲ್ಲೇ 1945ರಲ್ಲಿ ಆರಂಭಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಆ ವರ್ಷದ ಕೊನೆಗೆ ಮುಂಬೈಗೆ ಹೋಯಿತು. 1948ರಲ್ಲಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು, 1956ರಲ್ಲಿ ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ನಡೆಸಿದರು. ಜನ ನೆನೆಯುವುದು ಇದನ್ನೇ. ಬೆಂಗಳೂರಿನ ಆ ಆರು ವರ್ಷ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

1966ರ ಜನವರಿ 24ರಂದು ಅವರಿದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಬಳಿ ಅಪಘಾತಕ್ಕೀಡಾಯಿತು. ಅವರಿಗಾಗ 56 ವರ್ಷ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರಿಟ್ಟರು. ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಜಮೀನು ಕೊಟ್ಟಿರುವುದು ಆ ಕೇಂದ್ರಕ್ಕೇ.