ವೈದ್ಯಶ್ರೇಷ್ಠರಾದ ಥಾಮಸ್ ಆಡಿಸನ್ನರ ಚರಿತ್ರೆ

ದೊಡ್ಡವರ ಚರಿತ್ರೆಗಳನ್ನು ಓದುವಾಗ ನಾವು ರಾಜ್ಯಗಳನ್ನು ಕಟ್ಟಿದವರನ್ನೂ ಯುದ್ಧಗಳನ್ನು ಗೆದ್ದವರನ್ನೂ ಹೆಚ್ಚಾಗಿ ಸ್ಮರಿಸುವುದುಂಟು. ರೋಗಿಯ ಮಂಚದ ಬಳಿಯಲ್ಲಿ ನಿಂತು, ಇತರರು ಕಂಡೂ ಕಾಣದೆ ಹೋದುದನ್ನು ತಾಳ್ಮೆಯಿಂದ ನೋಡಿದವರ ಹೆಸರು ನಮ್ಮ ಕಿವಿಗೆ ಬೀಳುವುದು ಅಪರೂಪ. ಅಂತಹವರಲ್ಲಿ ಒಬ್ಬರಾದ ಥಾಮಸ್ ಆಡಿಸನ್ ಎಂಬ ವೈದ್ಯರ ಜೀವಿತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಇಲ್ಲಿ ಸಂಕ್ಷೇಪವಾಗಿ ತಿಳಿಸಬೇಕೆಂದಿದ್ದೇವೆ. ಇವರು ಕಂಡುಹಿಡಿದ ಸಂಗತಿಯು ದೂರದೇಶದ್ದಾದರೂ, ತಿಂಥಣಿ, ಸುರಪುರ, ಶಹಾಪುರಗಳ ಸುತ್ತಣ ನಮ್ಮ ಮನೆಗಳಿಗೆ ಅದರಿಂದ ಆಗತಕ್ಕ ಪ್ರಯೋಜನವು ಬಹಳವಾಗಿದೆ.

ಆಡಿಸನ್ನರು ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ಇಂಗ್ಲೆಂಡಿನ ಉತ್ತರಭಾಗದ ನ್ಯೂಕ್ಯಾಸಲ್ ಪಟ್ಟಣದ ಸಮೀಪದಲ್ಲಿರುವ ಲಾಂಗ್ ಬೆಂಟನ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆಯು ಹಿಟ್ಟು ಮತ್ತು ದಿನಸಿಯ ವ್ಯಾಪಾರಿ. ಮಗನು ವಕೀಲನಾಗಬೇಕೆಂಬುದು ತಂದೆಯ ಆಸೆಯಾಗಿತ್ತು. ಮಗನಿಗೋ ವೈದ್ಯವಿದ್ಯೆಯಲ್ಲಿಯೇ ಮನಸ್ಸು. ನ್ಯೂಕ್ಯಾಸಲ್ಲಿನ ಶಾಲೆಯಲ್ಲಿ ಇವರು ಲ್ಯಾಟಿನ್ ಭಾಷೆಯನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಮುಂದೆ ಪಾಠಗಳ ಟಿಪ್ಪಣಿಗಳನ್ನೂ ಆ ಭಾಷೆಯಲ್ಲಿಯೇ ಬರೆದುಕೊಳ್ಳುತ್ತಿದ್ದರಂತೆ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ 1815ರಲ್ಲಿ ವೈದ್ಯಪದವಿಯನ್ನು ಪಡೆದು ಲಂಡನ್ ನಗರಕ್ಕೆ ಬಂದರು. ಅಲ್ಲಿ, ಪದವೀಧರರಾದ ಮೇಲೆಯೂ, ಗೈಸ್ ಎಂಬ ಪ್ರಸಿದ್ಧ ಆಸ್ಪತ್ರೆಯಲ್ಲಿ ಸಾಮಾನ್ಯ ವಿದ್ಯಾರ್ಥಿಯಂತೆ ಶುಲ್ಕ ತೆತ್ತು ಮತ್ತೆ ಕಲಿಯಲು ಸೇರಿಕೊಂಡರು. ಪದವಿಯು ಕಲಿಕೆಯ ಮುಕ್ತಾಯವಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಹೇಗೆ? ಅದೇ ಆಸ್ಪತ್ರೆಯಲ್ಲಿ 1824ರಲ್ಲಿ ಸಹಾಯಕ ವೈದ್ಯರಾಗಿಯೂ 1837ರಲ್ಲಿ ಪೂರ್ಣ ವೈದ್ಯರಾಗಿಯೂ ನೇಮಕಗೊಂಡು, ಜೀವಮಾನದ ಬಹುಭಾಗವನ್ನು ಅಲ್ಲಿಯೇ ಕಳೆದರು.

ಆಡಿಸನ್ನರು ಉತ್ತಮ ಉಪಾಧ್ಯಾಯರಾಗಿದ್ದರು. ರೋಗಿಯನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ, ರೋಗದ ಮೂಲವನ್ನು ಕಾಣುವ ತನಕ ಅವರಿಗೆ ಸಮಾಧಾನವಿಲ್ಲ. ಮನೆಗೆ ಹೋದ ಮೇಲೆ ಯಾವುದಾದರೂ ಸಂದೇಹ ಉಳಿದರೆ ಮತ್ತೆ ಬಂದು ನೋಡುವರು. ಹೊರಗೆ ಗಂಭೀರರಾಗಿಯೂ ಬಿರುಸಾಗಿಯೂ ಕಾಣುತ್ತಿದ್ದುದರಿಂದ ಅನೇಕರು ಅವರನ್ನು ಗರ್ವಿಷ್ಠರೆಂದು ತಿಳಿದರು; ನಿಜವಾಗಿ ಅದು ಸಂಕೋಚದ ಸ್ವಭಾವವೇ ಆಗಿತ್ತು.

ಆ ಕಾಲದಲ್ಲಿ ಆಸ್ಪತ್ರೆಗೆ ಒಂದು ಬಗೆಯ ರೋಗಿಗಳು ಬರುತ್ತಿದ್ದರು. ಅವರಿಗೆ ಜ್ವರವಿಲ್ಲ, ಗಾಯವಿಲ್ಲ. ಆದರೂ ದಿನೇ ದಿನೇ ನಿತ್ರಾಣ. ಹಸಿವು ಇಂಗಿ, ನಾಡಿಯು ಕ್ಷೀಣಿಸಿ, ಹೊಟ್ಟೆ ತೊಳಸಿ, ಮೈ ಇಳಿಯುತ್ತಿತ್ತು. ಅದರೊಂದಿಗೆ ಚರ್ಮವು ಮಾತ್ರ ವಿಚಿತ್ರವಾಗಿ ಕಪ್ಪಾಗುತ್ತ ಬರುತ್ತಿತ್ತು. ಕೊನೆಗೆ ಅವರು ಯಾವ ಕಾರಣವೂ ತಿಳಿಯದೆ ಸಾಯುತ್ತಿದ್ದರು. ಆಡಿಸನ್ನರು ಅಂತಹವರನ್ನು ಒಬ್ಬೊಬ್ಬರನ್ನಾಗಿ ಗಮನಿಸಿ, ಸತ್ತ ತರುವಾಯ ದೇಹವನ್ನು ಪರೀಕ್ಷಿಸಿದಾಗ, ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಎರಡು ಸಣ್ಣ ಗ್ರಂಥಿಗಳು ಕೆಟ್ಟುಹೋಗಿರುವುದನ್ನು ಕಂಡರು. ಹಲವರಲ್ಲಿ ಕ್ಷಯರೋಗವು ಅವುಗಳನ್ನು ತಿಂದುಹಾಕಿತ್ತು. ಈ ವಿಷಯವನ್ನು 1849ರಲ್ಲಿ ವೈದ್ಯರ ಸಭೆಯೊಂದರಲ್ಲಿ ಸೂಚಿಸಿ, 1855ರಲ್ಲಿ 11 ರೋಗಿಗಳ ವೃತ್ತಾಂತವನ್ನು ವರ್ಣಚಿತ್ರಗಳ ಸಹಿತ ಒಂದು ಚಿಕ್ಕ ಗ್ರಂಥವಾಗಿ ಪ್ರಕಟಿಸಿದರು.

ಆ ಗ್ರಂಥಿಗಳ ಇರವನ್ನು ಇಟಲಿಯ ಯುಸ್ಟೇಷಿಯಸ್ ಎಂಬ ಶರೀರಶಾಸ್ತ್ರಜ್ಞನು ಹದಿನಾರನೆಯ ಶತಮಾನದಲ್ಲಿಯೇ ವರ್ಣಿಸಿದ್ದನು. ಆದರೆ ಅವು ಏನು ಮಾಡುತ್ತವೆಂಬುದು ಮೂರು ನೂರು ವರ್ಷಗಳ ಕಾಲ ಯಾರಿಗೂ ತಿಳಿದಿರಲಿಲ್ಲ. ಒಂದೊಂದು ಸುಮಾರು 4-5 ಗ್ರಾಂ ಮಾತ್ರ ತೂಗುವ ಈ ಗ್ರಂಥಿಗಳಿಂದಲೇ ಪ್ರಾಣವು ನಿಂತಿದೆ ಎಂದರೆ ಯಾರು ನಂಬುವರು? ಎಡಿನ್‌ಬರೋದಲ್ಲಿ ಕೆಲವರು ಸಂಶಯಪಟ್ಟರು. ಆದರೆ 1856ರಲ್ಲಿ ಬ್ರೌನ್ ಸೆಕಾರ್ ಎಂಬ ವಿದ್ವಾಂಸರು, ಈ ಎರಡು ಗ್ರಂಥಿಗಳನ್ನೂ ತೆಗೆದರೆ ಪ್ರಾಣಿಗಳು ಸ್ವಲ್ಪ ಕಾಲದಲ್ಲಿಯೇ ಸಾಯುವುವೆಂದು ಪ್ರಯೋಗದಿಂದ ತೋರಿಸಿದರು. ಪ್ಯಾರಿಸ್ಸಿನ ಟ್ರೂಸೋ ಎಂಬ ವೈದ್ಯರು ಈ ವ್ಯಾಧಿಗೆ ಆಡಿಸನ್ನರ ಹೆಸರನ್ನೇ ಇಟ್ಟರು. ಇಂದಿಗೂ ಅದು ಆಡಿಸನ್ ರೋಗವೆಂದೇ ಪ್ರಸಿದ್ಧವಾಗಿದೆ.

ಇನ್ನು ಈ ಗ್ರಂಥಿಗಳ ಕೆಲಸವೇನೆಂಬುದನ್ನು ನೋಡೋಣ. ಇವುಗಳಿಗೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ಪ್ರತಿಯೊಂದರಲ್ಲಿಯೂ ಒಳಗೊಂದು ತಿರುಳೂ ಹೊರಗೊಂದು ಸಿಪ್ಪೆಯೂ ಉಂಟು. ತಿರುಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಜೋಳದ ಹೊಲದಲ್ಲಿ ಹಠಾತ್ತಾಗಿ ಹಾವನ್ನು ಕಂಡಾಗ ಎದೆಯು ಬಡಿದುಕೊಂಡು, ಉಸಿರು ಬಿರುಸಾಗಿ, ಕಾಲಿಗೆ ಓಡುವ ಬಲ ಬರುವುದು ಇದರಿಂದಲೇ. ಇಂತಹ ರಸಗಳಿಗೆ ಹಾರ್ಮೋನುಗಳೆನ್ನುವರು. ಹೊರಗಿನ ಸಿಪ್ಪೆಯ ಹಾರ್ಮೋನುಗಳು ಸದ್ದಿಲ್ಲದೆ ಕೆಲಸಮಾಡುವಂತಹವು. ಆದರೆ ಅವಿಲ್ಲದೆ ಬದುಕಿಲ್ಲ. ಅವುಗಳಲ್ಲಿ ಕಾರ್ಟಿಸಾಲ್ ಎಂಬುದು ಬೆಳಗಿನ ಜಾವದಲ್ಲಿ ಹೆಚ್ಚಿ, ರಾತ್ರಿಗೆ ತಗ್ಗುತ್ತದೆ. ರಕ್ತದ ಸಕ್ಕರೆಯೂ ಒತ್ತಡವೂ ಕುಸಿಯದಂತೆ ಕಾಯ್ದು, ಜ್ವರ, ಪೆಟ್ಟು, ಉಪವಾಸಗಳನ್ನು ತಾಳುವ ಶಕ್ತಿಯನ್ನು ಕೊಡುತ್ತದೆ. ಆಲ್ಡೊಸ್ಟಿರೋನ್ ಎಂಬ ಮತ್ತೊಂದು, ಮೂತ್ರಪಿಂಡಗಳಿಂದ ಉಪ್ಪು ಸೋರಿಹೋಗದಂತೆ ಹಿಡಿದಿಡುತ್ತದೆ.

ಇದಕ್ಕೊಂದು ಹೋಲಿಕೆಯನ್ನು ನಮ್ಮ ಸೀಮೆಯಲ್ಲಿಯೇ ಕಾಣಬಹುದು. ತಿಂಥಣಿಯ ಬಳಿ ಹರಿಯುವ ಕೃಷ್ಣೆಗೆ ಮೇಲೆ ನಾರಾಯಣಪುರದಲ್ಲಿ ಅಣೆಕಟ್ಟುಂಟು. ನೀರು ಹೆಚ್ಚಾದರೆ ಬಾಗಿಲುಗಳನ್ನು ತೆರೆಯುವರು, ಕಡಿಮೆಯಾದರೆ ಮುಚ್ಚುವರು. ಕಾಯುವವನು ಮೈಮರೆತರೆ ಒಂದೋ ಹೊಳೆ ಉಕ್ಕುವುದು, ಇಲ್ಲವೇ ಕಾಲುವೆ ಒಣಗುವುದು. ದೇಹದ ಉಪ್ಪುನೀರುಗಳಿಗೆ ಅಡ್ರಿನಲ್ ಗ್ರಂಥಿಗಳು ಅಂತಹ ಕಾವಲುಗಾರರು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಕಾರ್ಟಿಸಾಲ್ ಎಷ್ಟಿದೆಯೆಂದು ಸದಾ ನೋಡುತ್ತ, ಕಡಿಮೆಯಾದರೆ ಅಪ್ಪಣೆಯ ರಸವನ್ನು ಹೆಚ್ಚಾಗಿ ಕಳುಹಿಸುತ್ತದೆ. ಅಡ್ರಿನಲ್ಲೇ ಕೆಟ್ಟಿದ್ದರೆ ಅಪ್ಪಣೆಯು ವ್ಯರ್ಥವಾಗಿ ಹೆಚ್ಚುತ್ತ ಹೋಗಿ, ಆ ರಸವು ಚರ್ಮದ ಬಣ್ಣವನ್ನು ಕಪ್ಪಾಗಿಸುವುದು. ಆಡಿಸನ್ನರು ಕಂಡ ಕಪ್ಪಿನ ಗುಟ್ಟು ಇದೇ.

ಇಷ್ಟನ್ನು ಕಂಡವರಿಗೆ ಚಿಕಿತ್ಸೆ ಮಾತ್ರ ಕೈಗೆಟುಕಲಿಲ್ಲ. ಅವರ ತರುವಾಯ 1901ರಲ್ಲಿ ಜಪಾನಿನ ತಕಾಮಿನೆ ಎಂಬವರು ಅಡ್ರಿನಲಿನ್ನನ್ನು ಶುದ್ಧರೂಪದಲ್ಲಿ ತೆಗೆದ ಸಂಗತಿಯನ್ನು ಪ್ರಕಟಿಸಿದರು. 1930ರ ದಶಕದಲ್ಲಿ ರೋಗಿಗಳಿಗೆ ಉಪ್ಪನ್ನು ಹೆಚ್ಚಾಗಿ ಕೊಟ್ಟು ಆಯುಸ್ಸನ್ನು ಕೊಂಚ ಬೆಳೆಸಿದರು. ಹೊರಸಿಪ್ಪೆಯ ಹಾರ್ಮೋನುಗಳನ್ನು ಶೋಧಿಸಿದ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬವರಿಗೆ 1950ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. 1953ರಲ್ಲಿ ಆಲ್ಡೊಸ್ಟಿರೋನನ್ನು ಬೇರ್ಪಡಿಸಿದವರಲ್ಲಿ ಸಿಲ್ವಿಯಾ ಸಿಂಪ್ಸನ್ ಎಂಬ ಮಹಿಳೆಯೂ ಒಬ್ಬರೆಂಬುದನ್ನು ನಮ್ಮ ಹೆಣ್ಣುಮಕ್ಕಳು ನೆನಪಿನಲ್ಲಿಡತಕ್ಕದ್ದು. ಹಿಂದೆ ನಿಶ್ಚಯವಾಗಿ ಸಾಯುತ್ತಿದ್ದ ರೋಗಿಯು ಈಗ ದಿನವೂ ಮಾತ್ರೆಗಳನ್ನು ಸೇವಿಸಿ, ಓದಿ, ದುಡಿದು, ಸಂಸಾರ ನಡೆಸಬಹುದಾಗಿದೆ.

ಆಡಿಸನ್ನರ ಕೊನೆಯ ದಿನಗಳು ದುಃಖಕರವಾದವು. ಅನೇಕ ಸಲ ಅವರ ಮನಸ್ಸಿಗೆ ಗಾಢವಾದ ವಿಷಾದವು ಕವಿಯುತ್ತಿತ್ತು. 1860ರಲ್ಲಿ ಆ ಕಾರಣದಿಂದಲೇ ಕೆಲಸವನ್ನು ಬಿಟ್ಟು ಬ್ರೈಟನ್ನಿಗೆ ಹೋಗಿ, ಜೂನ್ 29ರಂದು ಆ ವ್ಯಾಧಿಯ ಭಾರದಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. 1847ರಲ್ಲಿ ತಮ್ಮ ವಿವಾಹವು ನಡೆದ ಲ್ಯಾನರ್ಕಾಸ್ಟಿನಲ್ಲಿಯೇ ಅವರ ಸಮಾಧಿಯಿದೆ. ಇದನ್ನು ನಾವು ಮುಚ್ಚಿಡುವುದಿಲ್ಲ. ಮನಸ್ಸಿನ ವ್ಯಾಧಿಯೂ ವ್ಯಾಧಿಯೇ. ಅದು ಪಾಪವೂ ಅಲ್ಲ, ಅವಮಾನವೂ ಅಲ್ಲ. ಅದಕ್ಕೂ ವೈದ್ಯರುಂಟು, ಔಷಧವುಂಟು. ಮನೆಯವರ ಮೃದುವಾದ ಮಾತು ಎಲ್ಲಕ್ಕಿಂತ ಮೊದಲು ಬೇಕು.

ಈ ಚರಿತ್ರೆಯಿಂದ ನಮ್ಮ ತಾಯಂದಿರು ತಿಳಿಯತಕ್ಕ ಬುದ್ಧಿವಾದವೇನು? ನಮ್ಮ ಕಡೆಯ ಬಿಸಿಲು ಕಠಿಣವಾದದ್ದು. ಹುಡುಗಿಯು ಕಪ್ಪಾದರೆ ಬಿಸಿಲೆನ್ನುವೆವು, ಸೊರಗಿದರೆ ಸೋಮಾರಿಯೆನ್ನುವೆವು, ಎದ್ದು ನಿಂತಾಗ ತಲೆಸುತ್ತಿದರೆ ನೆಪವೆನ್ನುವೆವು. ತಿಂಗಳುಗಟ್ಟಲೆ ನಿತ್ರಾಣವಿದ್ದು, ತೂಕ ಇಳಿದು, ಉಪ್ಪಿನ ಮೇಲೆ ಅತಿಯಾದ ಆಸೆ ಹುಟ್ಟಿ, ಅಂಗೈಯ ಗೆರೆಗಳೂ ಬೆರಳ ಗಿಣ್ಣುಗಳೂ ಬಾಯೊಳಗಿನ ವಸಡುಗಳೂ ಹೊಸದಾಗಿ ಕಪ್ಪಾದರೆ ಬೈಯಬೇಡಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಾಯೊಳಗೆ ಬಿಸಿಲು ಬೀಳುವುದಿಲ್ಲವಷ್ಟೆ. ನಮ್ಮ ದೇಶದಲ್ಲಿ ಕ್ಷಯವು ಇಂದಿಗೂ ಈ ರೋಗಕ್ಕೆ ಒಂದು ಕಾರಣವಾಗಿದೆ; ದೇಹದ ರಕ್ಷಣಾಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು ಮತ್ತೊಂದು ಕಾರಣ.

ಇನ್ನೊಂದು ಎಚ್ಚರಿಕೆ. ಉಬ್ಬಸಕ್ಕೂ ಕೀಲುನೋವಿಗೂ ಸ್ಟಿರಾಯ್ಡ್ ಮಾತ್ರೆಗಳನ್ನು ಬಹುಕಾಲ ನುಂಗಿದವರ ಅಡ್ರಿನಲ್ ಗ್ರಂಥಿಗಳು ಕೆಲಸ ಮರೆತು ಮಲಗಿರುತ್ತವೆ. ಅಂತಹವರು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಾಪಾಯವುಂಟು. ವೈದ್ಯರ ಅಪ್ಪಣೆಯಿಲ್ಲದೆ ಅಂಗಡಿಯಿಂದ ಕೊಂಡು ನುಂಗುವುದೂ ತಪ್ಪು, ತಾವಾಗಿಯೇ ಬಿಡುವುದೂ ತಪ್ಪು. ಆಡಿಸನ್ ರೋಗವುಳ್ಳವರಿಗೆ ಜ್ವರವೋ ವಾಂತಿಯೋ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬಲಹೀನರೆಂದು ಬದಿಗಿಟ್ಟವರನ್ನು ಆಡಿಸನ್ನರು ಬದಿಗಿಡಲಿಲ್ಲ. ಹತ್ತಿರ ಹೋಗಿ ನೋಡಿದರು. ನಮ್ಮ ವಿದ್ಯಾರ್ಥಿನಿಯರು ತಾಯಂದಿರಾದರೂ, ಉಪಾಧ್ಯಾಯಿನಿಯರಾದರೂ, ದಾದಿಯರಾದರೂ, ತಮ್ಮ ಬಳಿಯಲ್ಲಿ ಸೊರಗಿ ಕುಳಿತವರನ್ನು ಹಾಗೆಯೇ ಹತ್ತಿರ ಹೋಗಿ ನೋಡುವವರಾಗಲೆಂದು ಹಾರೈಸುತ್ತೇವೆ.