ಶಿಶುವಿಹಾರದ ಸಂಗೀತ ಶಿಕ್ಷಣ ಮತ್ತು ಜೋಲ್ತಾನ್ ಕೊಡಾಯ್

ಶಿಶುವಿಹಾರದ ಮಕ್ಕಳಿಗೆ ಸಂಗೀತವನ್ನು ಕಲಿಸುವ ಕ್ರಮವನ್ನು ಕುರಿತು ಆಳವಾಗಿ ಚಿಂತಿಸಿದವರಲ್ಲಿ ಹಂಗೇರಿ ದೇಶದ ಸ್ವರಸಂಯೋಜಕ ಜೋಲ್ತಾನ್ ಕೊಡಾಯ್ ಪ್ರಮುಖರು. ಮಕ್ಕಳನ್ನು ಪೂರ್ವ ಪ್ರಾಥಮಿಕ ತರಗತಿಗಳಿಗೆ ಸೇರಿಸಲು ಅರ್ಜಿ ಸಲ್ಲಿಸುವ ಪೋಷಕರ ಮಾಹಿತಿಗಾಗಿ ಅವರ ಜೀವನ ಹಾಗೂ ಕಾರ್ಯದ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಕೊಡಾಯ್ ಅವರು 1882ರ ಡಿಸೆಂಬರ್ 16ರಂದು ಕೆಚ್ಕೆಮೇಟ್ ಪಟ್ಟಣದಲ್ಲಿ ಜನಿಸಿದರು. ತಂದೆಯವರು ರೈಲ್ವೆ ನೌಕರಿಯಲ್ಲಿದ್ದುದರಿಂದ ಕುಟುಂಬವು ಊರಿನಿಂದ ಊರಿಗೆ ವರ್ಗವಾಗುತ್ತಿತ್ತು. ಬಾಲ್ಯದ ಸುಮಾರು ಏಳು ವರ್ಷಗಳು ಈಗ ಸ್ಲೊವಾಕಿಯಾದಲ್ಲಿರುವ ಗಲಾಂತಾ ಎಂಬ ಊರಿನಲ್ಲಿ ಕಳೆದವು. ಮನೆಯಲ್ಲಿ ತಂದೆಯ ಪಿಟೀಲು, ತಾಯಿಯ ಹಾಡು. ಶಾಲೆಯಲ್ಲಿ ಬರಿಗಾಲಿನ ಸಹಪಾಠಿಗಳು. ಆ ಸಹಪಾಠಿಗಳನ್ನು ಅವರು 1937ರಲ್ಲಿ ಪ್ರಕಟಿಸಿದ ಮಕ್ಕಳ ಗೀತೆಗಳ ಸಂಪುಟದ ಮುನ್ನುಡಿಯಲ್ಲಿ ಸ್ಮರಿಸಿದ್ದಾರೆ.

1905ರಿಂದ ಹಳ್ಳಿಗಳನ್ನು ಸುತ್ತಿ ಜನಪದ ಗೀತೆಗಳ ಸಂಗ್ರಹಕ್ಕೆ ತೊಡಗಿದರು. ಬೇಲಾ ಬಾರ್ಟೋಕ್ ಅವರು ಈ ಕಾರ್ಯದಲ್ಲಿ ಜೊತೆಗಾರರಾದರು. 1906ರಲ್ಲಿ ಹಂಗೇರಿಯ ಜನಪದ ಗೀತೆಗಳ ರಚನೆಯನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದು, 1907ರಿಂದ ಬುಡಾಪೆಸ್ಟ್ ಸಂಗೀತ ಅಕಾಡೆಮಿಯಲ್ಲಿ ಅಧ್ಯಾಪಕರಾಗಿ ಸೇವೆ ಸಲ್ಲಿಸಿದರು. 1923ರ ಕೃತಿ ಸಾಲ್ಮುಸ್ ಹಂಗಾರಿಕುಸ್ ಅವರಿಗೆ ಅಂತರರಾಷ್ಟ್ರೀಯ ಖ್ಯಾತಿಯನ್ನು ತಂದಿತು.

ಇಂತಹ ಖ್ಯಾತಿಯ ನಡುವೆ ಅವರು ಮಕ್ಕಳ ಕಡೆಗೆ ತಿರುಗಿದ್ದು 1925ರಲ್ಲಿ. ಶಾಲಾ ಮಕ್ಕಳ ಬಾಯಲ್ಲಿದ್ದ ಹಾಡುಗಳ ಮಟ್ಟ ಅವರನ್ನು ಕಳವಳಕ್ಕೀಡುಮಾಡಿತ್ತು. ರಾಜಧಾನಿಯ ಆಪೆರಾಕ್ಕೆ ಯಾರು ನಿರ್ದೇಶಕರು ಎಂಬುದಕ್ಕಿಂತ ಕಿಶ್ವಾರ್ದಾದಂತಹ ಸಣ್ಣ ಊರಿನಲ್ಲಿ ಹಾಡು ಕಲಿಸುವವರು ಯಾರು ಎಂಬುದೇ ಮುಖ್ಯವೆಂದು 1929ರಲ್ಲಿ ಅವರು ವಾದಿಸಿದರು. ಅಸಮರ್ಥ ನಿರ್ದೇಶಕನನ್ನು ಬದಲಾಯಿಸಬಹುದು. ಅಸಮರ್ಥ ಶಿಕ್ಷಕನಾದರೋ ಮಕ್ಕಳ ಹಲವು ತಲೆಮಾರುಗಳನ್ನೇ ಸಂಗೀತದಿಂದ ದೂರಮಾಡಿಬಿಡುತ್ತಾನೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಶಿಶುವಿಹಾರದ ಸಂಗೀತವನ್ನು ಕುರಿತ ಅವರ ಪ್ರಸಿದ್ಧ ಲೇಖನ 1941ರಲ್ಲಿ ಪ್ರಕಟವಾಯಿತು. ಮೂರರಿಂದ ಏಳು ವರ್ಷದ ಅವಧಿಯಲ್ಲಿ ಮಗುವಿನ ಕಿವಿಗೆ ಬಿದ್ದುದು ಜೀವನಪರ್ಯಂತ ಉಳಿಯುವುದೆಂದು ನಂಬಿದ್ದ ಅವರು, ಸಂಗೀತ ಬಲ್ಲವರಲ್ಲದವರು ಹೆಣೆದ ಕೃತಕ ಗೀತೆಗಳನ್ನು ಈ ವಯಸ್ಸಿನ ಮಕ್ಕಳಿಗೆ ಕಲಿಸುವುದನ್ನು ಕಟುವಾಗಿ ಟೀಕಿಸಿದರು. ಮಾತೃಭಾಷೆಯಂತೆಯೇ ಸಂಗೀತದಲ್ಲಿಯೂ ಮಾತೃಭಾಷೆಯೊಂದಿದೆ. ಅದು ಆಟದ ಹಾಡು, ಜನಪದ ಗೀತೆ. ಶಿಕ್ಷಕಿಯು ಪಿಯಾನೊ ಆಶ್ರಯವಿಲ್ಲದೆ ತನ್ನ ದನಿಯಲ್ಲಿಯೇ ಹಾಡಬೇಕು. ಮಗುವಿನ ಗಂಟಲಿಗೆ ನಿಲುಕುವ ಐದಾರು ಸ್ವರಗಳು ಸಾಕು. ಪಂಚಮದಿಂದ ಗಾಂಧಾರಕ್ಕೆ ಇಳಿಯುವ ಎರಡು ಸ್ವರಗಳು ಮಕ್ಕಳ ಆಟದ ಕೂಗುಗಳಲ್ಲಿ ಸಹಜವಾಗಿ ಕೇಳಿಬರುತ್ತವೆ. ಕೊಡಾಯ್ ಕ್ರಮದ ಪಾಠಗಳು ಸಾಮಾನ್ಯವಾಗಿ ಅಲ್ಲಿಂದ ಆರಂಭವಾಗುತ್ತವೆ. ಮುಂದೆ ನಮ್ಮ ಮೋಹನ ರಾಗದಂತಹ ಐದು ಸ್ವರಗಳ ಶ್ರೇಣಿ. ಅರ್ಧ ಸ್ವರದ ಅಂತರವನ್ನು ಶುದ್ಧವಾಗಿ ಹಾಡುವುದು ಚಿಕ್ಕ ಮಕ್ಕಳಿಗೆ ಕಷ್ಟವಾದ್ದರಿಂದ ಅಂತಹ ಸ್ವರಗಳನ್ನು ಮುಂದೂಡಲಾಗುತ್ತದೆ. ಲಯವನ್ನು ನಡಿಗೆ, ಚಪ್ಪಾಳೆ ಹಾಗೂ ಆಟದ ಮೂಲಕ ಕಲಿಸಲಾಗುತ್ತದೆ. ಸ್ವರಲಿಪಿಯ ಓದು ಪ್ರಾಥಮಿಕ ಶಾಲೆಯ ವಿಷಯ.

ಕೊಡಾಯ್ ಪದ್ಧತಿಯೆಂದು ಕರೆಯಲಾಗುವ ಎಲ್ಲವೂ ಅವರದೇ ಸೃಷ್ಟಿಯಲ್ಲ. ಸ್ವರಗಳನ್ನು ಕೈಸನ್ನೆಗಳಿಂದ ತೋರಿಸುವ ಕ್ರಮ ಇಂಗ್ಲೆಂಡಿನ ಜಾನ್ ಕರ್ವೆನ್ ಅವರದು. ನಮ್ಮಲ್ಲಿ ಗಾಯಕರ ಶ್ರುತಿಗೆ ತಕ್ಕಂತೆ ಷಡ್ಜ ಬದಲಾಗುವಂತೆ ಆಧಾರ ಸ್ವರವನ್ನು ಬದಲಾಯಿಸಿಕೊಳ್ಳುವ ಕ್ರಮವೂ ಇಂಗ್ಲೆಂಡಿನ ಶಾಲೆಗಳಲ್ಲಿ ಮೊದಲೇ ಬಳಕೆಯಲ್ಲಿತ್ತು. ಶಾಲೆಗಳಿಗೆ ಬೇಕಾದ ಪಾಠಕ್ರಮವನ್ನು ಯೆನೊ ಆಡಾಮ್ 1944ರಲ್ಲಿ ಸಿದ್ಧಪಡಿಸಿದರು. ಶಿಶುವಿಹಾರದ ಪಾಠಕ್ರಮವನ್ನು ಕತಲಿನ್ ಫೊರೈ ರೂಪಿಸಿದರು. ಯಾವ ಹಾಡು ಮಗುವಿಗೆ ಯೋಗ್ಯ ಎಂಬ ವಿವೇಚನೆಯೇ ಕೊಡಾಯ್ ಅವರ ನಿಜವಾದ ಕೊಡುಗೆ.

1950ರಲ್ಲಿ ಅವರ ಹುಟ್ಟೂರಾದ ಕೆಚ್ಕೆಮೇಟ್‌ನಲ್ಲಿ ಪ್ರತಿದಿನವೂ ಹಾಡುಗಾರಿಕೆಯ ತರಗತಿಯಿರುವ ಮೊದಲ ಪ್ರಾಥಮಿಕ ಶಾಲೆ ಆರಂಭವಾಯಿತು. 1951ರಲ್ಲಿ ಹಂಗೇರಿಯ ಜನಪದ ಸಂಗೀತದ ಬೃಹತ್ ಸಂಕಲನದ ಮೊದಲ ಸಂಪುಟ ಹೊರಬಂದಿತು. ಅದನ್ನು ಮಕ್ಕಳ ಆಟದ ಹಾಡುಗಳಿಗೇ ಮೀಸಲಿಡಲಾಗಿತ್ತು. 80ರ ಅಂಚಿನಲ್ಲಿದ್ದ ಕೊಡಾಯ್ ಅವರು 1962ರಲ್ಲಿ ಪುಟ್ಟ ಮಕ್ಕಳಿಗಾಗಿ ಐದು ಸ್ವರಗಳ ವ್ಯಾಪ್ತಿಯ 50 ಹಾಡುಗಳನ್ನು ಪ್ರಕಟಿಸಿದರು. ಅವರು 1967ರ ಮಾರ್ಚ್ 6ರಂದು ಬುಡಾಪೆಸ್ಟ್‌ನಲ್ಲಿ ನಿಧನರಾದರು. 1975ರಲ್ಲಿ ಕೆಚ್ಕೆಮೇಟ್‌ನಲ್ಲಿ ಅವರ ಹೆಸರಿನ ಸಂಗೀತ ಶಿಕ್ಷಣ ಸಂಸ್ಥೆ ಸ್ಥಾಪನೆಯಾಯಿತು.